ಬಾಯಾಗಿನ ಜಂಗು

ಮಿಶ್ರಿಕೋಟಿ, ತಾ. ಕಲಘಟಗಿ
ದಿನಾಂಕ: 14-11-1987

ಪ್ರೀತಿಯ ನಮ್ಮನಿಯವರಿಗೆ ಗೌರಕ್ಕ ಮಾಡುವ ಶರಣಾರ್ಥಿಗಳು.

ನೀವು ಆರಾಮ ಅದೀರಿ ಅಂತ ತಿಳಕೊಂಡೇನಿ. ಕೆಮ್ಮು ಕಡಿಮಿ ಆತೇನ್ರಿ? ಹೋದ ಪತ್ರದಾಗ ಕೆಮ್ಮಿನ ಸುದ್ದೀನ ಎತ್ತಿಲ್ಲ ನೀವು. ಅಂದ್ರ ಕಡಿಮಿ ಆಗಿಲ್ಲ ಅಂತನ ಅರ್ಥ, ಅಷ್ಟೂ ತಿಳಿಯೂದಿಲ್ಲೇನು ನನಗ? ವಾಸ್ಕೊ ಬಂದರದಾಗ ಹಡಗಕ್ಕ ಆ ಕಬ್ಬಿಣದ ಮಣ್ಣು ತುಂಬೂ ಮುಂದ ಮೂಗಿಗೆ ಅರಿವಿ ಕಟಗೋರಿ ಅಂತ ಬಡಕೊಂಡ ಹೇಳಿದ್ನಿ. ಸಂಗಾಟಿದ್ದವರು ನಗತಾರ ಅಂತ ಬಿಚ್ಚಿ ಒಗೀತೀರಿ. ನಗೂ ಮಂದಿ ನಿಮ್ಮ ಕೆಮ್ಮು ತಮ್ಮ ಮೈಮ್ಯಾಲ ತಗೋತಾರೇನು? ಊಟಾ ಹೊತ್ತಿಗೆ ಸರಿಯಾಗಿ ಮಾಡ್ರಿ. ಮೀನದ ನಾತಕ್ಕ ಅನ್ನ ಗಂಟಲದಾಗ ಇಳಿಯೂದಿಲ್ಲ ಅಂದಿದ್ರಿ, ಅದಕ್ಕ ಅತ್ತಿ ಅಗಸಿ ಚಟ್ನಿ, ಗುರೆಳ್ಳ ಚಟ್ನಿ ಕುಟ್ಟಿ ಡಬ್ಬಿ ತುಂಬಿ ಇಟ್ಟಾರ. ಆ ಕಡೆ ಬರೂವರು ಯಾರರ ಸಿಕ್ರ ಕಳಸತೇನಿ.

ಇಲ್ಲಿ ಎಲ್ಲಾರೂ ಆರಾಮ ಅದೀವಿ, ಚಿಂತಿ ಮಾಡಬ್ಯಾಡಂತ ಬರಿ ಅಂತ ಅತ್ತಿ ಹೇಳಿ ಭತ್ತದ ಹೊಲಕ್ಕ ಹೋದ್ರು. ಬರದೇನಿ, ಓದಿಕೊಂಡ್ರೆಲ್ಲ? ಈಗ ಖರೇ ಬರೀತೇನಿ. ನಾ ಆರಾಮ ಇಲ್ರಿ. ನನಗ ಅಗದಿ ಅಂಜಿಕಿ ಆಗೇತಿ. ಹಿಂದಿನ ಪತ್ರಾ ಬರೆಯೂ ಮುಂದೆಲ್ಲ ಅತ್ತಿ ಬಾಜೂಕ ಕುಂತು ಏನ ಬರದಿ, ಓದಿ ಹೇಳು ಅಂತಿದ್ರು. ಅದಕ್ಕ ಹೇಳಾಕ ಆಗಲಿಲ್ಲ. ಇವತ್ತ ಒಬ್ಬಾಕೀನ ಅದೇನಿ. ಗಣಪತಿ ಹಬ್ಬಕ್ಕ ಬಂದಾಗ ಗಲ್ಲಾ ತುಂಬ್ಯಾವ ಅಂತ ಚ್ಯಾಷ್ಟಿ ಮಾಡಿದ್ರಿ, ಈಗ ಬಂದ್ರ ಗುರ್ತ ಹಿಡೀಲಿಕ್ಕಿಲ್ಲ. ಆರು ತಿಂಗಳ ಹೊಟ್ಟಿ ಅಷ್ಟ ಮುಂದ ಬಂದೈತಿ, ಉಳದದ್ದೆಲ್ಲ ಒಳಗ ಹೋಗೇತಿ. ಬಾವಿಯಿಂದ ಒಂದ ಕೊಡ ತಂದ್ರ ಎದಿ ಡವಡವ ಬಡಕೊಂಡು ಕಿವ್ಯಾಗ ಗುಂಯ್ ಅಂತೈತಿ. ಕೂಸು ಒದೀತೈತಿ, ಅದೊಂದ ಧೈರ್ಯ. ಅದು ಒದೀದ ಸುಮ್ಮನಿದ್ದ ದಿನಾ ನಾ ಕೈ ಹೊಟ್ಟಿ ಮ್ಯಾಲಿಂದ ತಗಿಯೂದ ಇಲ್ಲ.

ಇದೆಲ್ಲಾ ಬಾಯಿಂದ ಶುರು ಆತು. ನೀವು ಹೋದ ಮ್ಯಾಲ ಒಂದಿನ ಮುಂಜಾನೆ ಹಲ್ಲ ತಿಕ್ಕಿ ಉಗುಳಿದ್ನಿ, ಉಗುಳೆಲ್ಲ ಕೆಂಪಗ. ಒಸಡು ಬಾತು ಬೆರಳ ಹತ್ತಿದ್ರ ಸಾಕು ರಕ್ತ ಜಿನಗತಿತ್ತು. ರೊಟ್ಟಿ ಕಡದ್ರ ರೊಟ್ಟಿಗೆ ಕೆಂಪ ಕಲಿ. ನಾ ನೀರ ಹಾಕಿ ತೊಳದ ಬಿಡತಿದ್ನಿ, ಆದ್ರ ಅತ್ತಿ ಕಣ್ಣಂದ್ರ ಕಣ್ಣ, ಬಚ್ಚಲ ಕಲ್ಲಿನ ಮ್ಯಾಲ ಕಂಡ್ರು. ಅವರ ಮಾರಿ ಸುಟ್ಟ ಬದನಿಕಾಯಿ ಆತು. ನಿಮ್ಮ ತಂಗಿ ಬಸವಣ್ಣೆವ್ವ ಹಡೆಯೂ ಮುಂದ ರಕ್ತ ನಿಲ್ಲದ ಇವರ ತೊಡಿ ಮ್ಯಾಲನ ಜೀವಾ ಬಿಟ್ಟದ್ದು ನೆನಪಾಗೂದಿಲ್ಲೇನ್ರಿ? ಅವತ್ತಿಂದ ಈ ಮನ್ಯಾಗ ರಕ್ತ ಅನ್ನೂ ಶಬ್ದಾನ ಅವರು ಬಾಯಿಂದ ಆಡಿದ್ದಿಲ್ಲ. ನನ್ನ ಕಟ್ಟಿ ಮ್ಯಾಲ ಕುಂಡರಿಸಿ, ನಡದಾಗ ಸಿಗಿಸಿದ ತಮ್ಮ ಮಿಶ್ರಿ ಡಬ್ಬಿ ತಗದ್ರು. ಹಂಚಿನ ಮ್ಯಾಲ ತಂಬಾಕ ಕರ್ರಗ ಹುರದು ಕುಟ್ಟಿದ ಆ ಪುಡಿ ನಾತಕ್ಕನ ನಾ ಮೂಗು ಮುಚ್ಚಿಕೊಳ್ಳಾಕಿ, ಗೊತ್ತಲ್ಲ ನಿಮಗ. ಅತ್ತಿ ನಕ್ಕು, 'ಊರ ಹೆಸರಾಗ ಮಿಶ್ರಿ ಐತಿ, ಸೊಸಿ ಬಾಯಾಗ ಇರದಿದ್ರ ಹೆಂಗ ಬೇ' ಅಂತ ಬೆರಳಲೇ ಒಸಡಿಗೆ ತಿಕ್ಕಿದ್ರು. ಮೊದಲ ದಿನಾ ತೆಲಿ ಗರಗರ ತಿರುಗಿ ಕಂಬಾ ಹಿಡಕೊಂಡ ಕುಂತ್ನಿ. ಆದ್ರ ಸುಳ್ಳ ಯಾಕ ಹೇಳ್ಲಿ, ವಾರ ಕಳಿಯೂದ್ರಾಗ ರಕ್ತ ನಿಂತ್ತು. ಸೊಸಿ ಬಾಯಿ ನೆಟ್ಟಗಾತು ಅಂತ ಅತ್ತಿ ಓಣಿ ತುಂಬ ಹೇಳಿಕೊಂಡ ಬಂದ್ರು. ನನಗೂ ದಿನಾ ಹಚ್ಚೂದು ರೂಢಿ ಆತು. ಬೈಬ್ಯಾಡ್ರಿ, ಈಗ ಬಿಟ್ಟೇನಿ.

ಯಾಕ ಬಿಟ್ನಿ ಅಂದ್ರ, ದಸರಾ ಮುಂದ ನಮ್ಮೂರ ಸಾಲ್ಯಾಗ ಹಲ್ಲಿನ ಕ್ಯಾಂಪ್ ಆತು. ಅತ್ತಿಗೆ ಮುಂದಿನ ಹಲ್ಲು ಮೂರು ಹೋಗಿ ಭಾಳ ದಿನಾ ಆತು, ಉಳದಾವೂ ನಾಲಿಗಿ ತಾಗಿದ್ರ ತೂಗತಾವ. ಎಳದ ಎಳದ ಕರಕೊಂಡ ಹೋದ್ನಿ. ಧಾರವಾಡದಿಂದ ಬಂದ ಡಾಕ್ಟರಬಾಯಿ ನನಗಿಂತ ಒಂದೆರಡು ವರ್ಷಕ್ಕ ದೊಡ್ಡಾಕಿ ಇರಬೇಕು, ಎರಡು ಜಡಿ ಹಾಕಿದ್ಲು. ಅತ್ತಿ ಒಸಡು ಒತ್ತಿದ್ಲು, ಕೀವು ಬಂತು. ಹಲ್ಲು ಹಿಡಕೊಂಡಿರೂ ಎಲುಬೇ ಸವದು ಹೋಗ್ಯಾವ ಅಂದ್ಲು. ವಯಸ್ಸಾತಲ್ಲ ಯವ್ವಾ ಅಂದ್ರು ಅತ್ತಿ. 'ವಯಸ್ಸಲ್ಲ, ನಿಮಗಿನ್ನೂ ಐವತ್ತಾಗಿಲ್ಲ, ಇದು ರೋಗ' ಅಂತ ಆಕಿ ಹೇಳಾಕ ಶುರು ಮಾಡಿದ್ಲು. ಒಸಡಿನ ಸಂದ್ಯಾಗ ಕಿಟ್ಟ ಕೂತು ಅಲ್ಲಿ ಕಣ್ಣಿಗೆ ಕಾಣದ ಹುಳಾ ಸೇರತಾವಂತ. ಅವನ್ನ ಕೊಲ್ಲಾಕ ರಕ್ತದಾಗಿನ ಬಿಳೀ ಕಣಗಳು ಬಂದು, ಉಸರಾಡೂ ಆಕ್ಸಿಜನ್ನೇ ಸುಡೂ ಹಂಗ ಮಾಡಿ ಅವುಗಳ ಮ್ಯಾಲ ಬಿಡತಾವಂತ. ಹುಳಾ ಸಾಯತಾವ. ಆದ್ರ ಬಾಯಿ ಸ್ವಚ್ಛ ಇಟಗೊಳ್ಳದಿದ್ರ ಹುಳಾ ದಿನಾ ಹುಟ್ಟತಾವ, ಇವೂ ದಿನಾ ಸುಡತಾವ. ವರ್ಷಾನಗಟ್ಟಲೆ ಹಂಗ ಸುಟ್ರ ನಮ್ಮ ಒಸಡು, ನಮ್ಮ ಎಲುಬೂ ಸುಟ್ಟ ಹೋಗತಾವ. 'ಕಬ್ಬಿಣಕ್ಕ ಜಂಗು, ತುಕ್ಕು ಹಿಡೀತದಲ್ಲ ಅಜ್ಜಿ, ಅದೂ ಆಕ್ಸಿಜನ್ ಕೆಲಸಾನ. ನಿಮ್ಮ ಒಸಡಿಗೂ ಒಳಗಿಂದೊಳಗ ಜಂಗು ಹಿಡದದ ಅಂತ ತಿಳಕೋರಿ' ಅಂದ್ಲು. ಇದೆಲ್ಲಾ ಈಗೀಗ ಪುಸ್ತಕದಾಗ ಬರಾಕ ಹತ್ತೇತಂತ. ನೆಲ್ಲಿಕಾಯಿ, ಪ್ಯಾರಲ ಹಣ್ಣು, ಹಸರ ಪಲ್ಲೆ ತಿಂದ್ರ ಮೈಯಾಗ ಆ ಸುಡೂದನ್ನ ತಣ್ಣಗ ಮಾಡೂ ಶಕ್ತಿ ಬರತೈತಂತ. ತಂಬಾಕು ಇದ್ದ ಶಕ್ತೀನೂ ಖರ್ಚ ಮಾಡಿಬಿಡತೈತಂತ.

ಆಮ್ಯಾಲ ನನ್ನ ಬಾಯಿ ನೋಡಿದ್ಲು. ಬಸರಾದಾಗ ಒಸಡು ಬಾಯೂದು ಇದ್ದದ್ದ, ಆದ್ರ ಮಿಶ್ರಿ ಯಾಕ ಹಚ್ಚಿದ್ರಿ ಅಂತ ಅಗದಿ ಸಿಟ್ಟಿಲೆ ಕೇಳಿದ್ಲು. ರಕ್ತ ನಿಂತೇತ್ರಿ ಅಂದ್ನಿ. ನಿಂತಿಲ್ಲ, ತಂಬಾಕು ನರಾ ಹಿಂಡಿ ಹಿಡದೇತಿ, ರೋಗ ಮುಚ್ಚೇತಿ ಅಷ್ಟ ಅಂದ್ಲು. ಬಿಟ್ಟ ಮ್ಯಾಲ ರಕ್ತ ಮತ್ತ ಬರತೈತಿ, ಅಂಜಬ್ಯಾಡ್ರಿ, ಉಪ್ಪ ನೀರಿಲೆ ಮುಕ್ಕಳಿಸಿ ಮೆತ್ತಗ ಹಲ್ಲ ತಿಕ್ಕ್ರಿ, ಹೊಟ್ಟ್ಯಾಗಿನ ಕೂಸಿಗೆ ಮಿಶ್ರಿ ವಿಷಾ ಇದ್ದಂಗ ಅಂದ್ಲು. ಬಾಜೂ ಬಾಕಿನ ಮ್ಯಾಲ ನಮ್ಮ ನರ್ಸಬಾಯಿ ಮೆಹರುನಬಿ ಕುಂತಿದ್ರು. ನನ್ನ ಕಣ್ಣಿನ ಕೆಳಗಿನ ರೆಪ್ಪಿ ಜಗ್ಗಿ ನೋಡಿ, 'ಎಲ್ಲೈತಿ ಬೇ ನಿನಗ ರಕ್ತ, ಸುಣ್ಣಾ ಹಚ್ಚಿದ ಗ್ವಾಡಿ ಆಗೇತಿ' ಅಂತ ಗುಳಿಗಿ ಪಾಕೀಟು ಕೈಯಾಗ ಇಟ್ಟು, ಇವು ಕಬ್ಬಿಣದ ಗುಳಿಗಿ, ದಿನಾ ಒಂದ ತಪ್ಪದ ತಗೊ, ಮುಗದ ಮ್ಯಾಲ ಮತ್ತ ಕೊಡತೇನಿ ಅಂದ್ರು. ಅಲ್ಲಿಗೆ ಬಂತ್ರಿ ಫಜೀತಿ. ಒಬ್ಬಾಕಿ ಕಬ್ಬಿಣಕ್ಕ ಜಂಗು ಹಿಡಿಯೂ ಕಥಿ ಹೇಳಿದ್ಲು, ಬಾಜೂಕನ ಇನ್ನೊಬ್ಬಾಕಿ ಕಬ್ಬಿಣ ನುಂಗಂತ ಕೊಟ್ಲು.

ಮನಿ ಹಾದಿ ಹಿಡದ್ವಿ. ಹುಣಸಿ ಗಿಡದ ಹಂತ್ಯಾಕ ಬಂದಾಗ ಅತ್ತಿ ಕೇಳಿದ್ರು: 'ಗೌರಾ, ನಿನಗ ರಕ್ತ ಬರೂ ಮುಂದ ಬಾಯಿ ರುಚಿ ಹೆಂಗ ಇರತಿತ್ತು?' ಅವರ ಬಾಯಿಂದ ಆ ಶಬ್ದಾ ಬಂದದ್ದಕ್ಕನ ನಾ ಹೆದರಿ, ವಿಚಾರ ಮಾಡದ, ಕುಡುಗೋಲ ನೆಕ್ಕಿದಂಗ ಇರತಿತ್ರಿ ಅಂದ್ನಿ. ಯಾಕರ ಅಂದ್ನೆಪಾ ಶಿವನ! ಅತ್ತಿ ಹಾದ್ಯಾಗನ ನಿಂತ್ರು. ಪಾಕೀಟು ನನ್ನ ಕೈಯಾಗಿಂದ ತಗೊಂಡು ಸೆರಗಿನ ತುದಿಗೆ ಗಂಟ ಹಾಕಿಕೊಂಡ್ರು. ನಾ ಕೊಡತೇನಿ ತಡಿ, ಒಮ್ಮಿಗೇ ನುಂಗೂದ ಬ್ಯಾಡ ಅಂದ್ರು.

ಅವರ ತರ್ಕಾ ಕೇಳ್ರಿ. ನೀವು ಬಂದಾಗ ನಿಮ್ಮ ಅರಿವಿ ಅವರ ಒಗೀತಾರ, ನನ್ನ ಕೈಗೆ ಕೊಡೂದಿಲ್ಲ. ಎಷ್ಟ ನೀರ ತಗದ್ರೂ ಹಳ್ಳದಾಗ ಕೆಂಪ ಹರೀತೈತಿ, ಅಂಗಿ ಬಗಲಾಗ ಅರಿವಿ ತಿಂದ ಹೋಗಿರತೈತಿ. 'ನನ್ನ ಮಗಾ ಕಬ್ಬಿಣಾ ಹೊರಗಿಂದ ಮುಟ್ಟತಾನ, ಅಷ್ಟಕ್ಕ ಅವನಿಗೆ ಕೆಮ್ಮು ಬಂದೈತಿ. ಅವನ ಮೈಯಿಂದ ನಿನಗ ಬಂದೈತಿ. ಅದಕ್ಕ ನಿನ್ನ ಬಾಯಾಗ ಕಬ್ಬಿಣದ ರುಚಿ. ಮೊದಲ ಇದ್ದದ್ದಕ್ಕ ಜಂಗು ಹಿಡದೈತಿ, ಮ್ಯಾಲ ಮತ್ತ ನುಂಗತಿ ಅಂದ್ರ ಕೂಸಿನ ಗತಿ ಏನ ಬೇ?' ಅಂದ್ರು. ಡಾಕ್ಟರಬಾಯಿ ತಿಳೀಲಿ ಅಂತ ಹೋಲಿಕಿ ಕೊಟ್ಲು, ಆ ಕಬ್ಬಿಣಾ ಬ್ಯಾರೆ ಈ ಕಬ್ಬಿಣಾ ಬ್ಯಾರೆ ಅಂತ ಗಂಟಲಾ ಹರಕೊಂಡ್ನಿ. 'ಮೆಟ್ರಿಕ್ ಮುಗಿಸಿದಾಕಿ ನೀ, ಒಂದ ಮಾತ ಹೇಳು, ಕಬ್ಬಿಣಕ್ಕ ಜಂಗು ಹಿಡಿಯೂದಿಲ್ಲೇನು?' ಅಂದ್ರು. ಹಿಡೀತೈತ್ರಿ, ಆದ್ರ... ಅಂದ್ನಿ. ಆದ್ರ ಇಲ್ಲ ಗೀದ್ರ ಇಲ್ಲ ಅಂತ ಎದ್ದ ಹೋದ್ರು. ಇಂಥಾ ಅತ್ತೀನ ಕೋರ್ಟಿಗೆ ಕಳಸಿದ್ರ ವಕೀಲರು ಉಪವಾಸ ಬೀಳತಾರ.

ಅಷ್ಟಕ್ಕ ಬಿಟ್ರೇನು? ಸಂತಿ ದಿನಾ ಕಮ್ಮಾರ ಉಡಚಪ್ಪನ ಕುಲುಮಿಗೆ ಹೋಗಿ ಜಂಗು ಹಿಡೀದಂಗ ಏನ ಮಾಡಬೇಕೋ ಅಂತ ಕೇಳ್ಯಾರ. ಆತ ಪಾಪ ಮನ್ಯಾಗಿನ ಈಳಿಗಿ ಸಲುವಾಗಿ ಕೇಳತಾರ ಅಂತ ತಿಳದು, ನೀರ ತಾಗಿಸಬ್ಯಾಡ ಬೇ, ಎಣ್ಣಿ ಹಚ್ಚಿ ಇಡು ಅಂದಾನ. ಬಂದವರ ನನ್ನ ಬಾಯಾಗ ಕುಸುಬಿ ಎಣ್ಣಿ ಹಾಕಿದ್ರು. ಮುಂಜಾನೆ ಎಣ್ಣಿ, ಸಂಜಿಕೆ ಎಣ್ಣಿ. ಅದು ಹೋಗ್ಲಿ ಬಿಡ್ರಿ, ನೀರಿಗೂ ಕಟ್ಟ ಹಾಕಿದ್ರು. ಬಾಯಿ ತೊಯ್ಯೂವಷ್ಟ ಕುಡಿ ಸಾಕು ಅಂತಾರ. ಅವರು ಹೊಲಕ್ಕ ಹೋದ ಮ್ಯಾಲ ನಾ ಹರವಿಗೆ ಬಾಯಿ ಹಚ್ಚಿ ಕುಡೀತೇನಿ, ಕಳ್ಳಿ ಹಂಗ. ರೊಟ್ಟಿ ಬೇಯಿಸೂ ಕಬ್ಬಿಣದ ಹಂಚು ಅಟ್ಟಕ್ಕ ಹೋತು, ಮಣ್ಣಿನ ಹಂಚು ಬಂತು. ಬಸರಿಗೆ ಗಾಳಿ ಗೀಳಿ ಸೋಕಬಾರದಂತ ಮೂರನೇ ತಿಂಗಳದಾಗ ತಾವ ನನ್ನ ತೆಲಿದಿಂಬಿನ ಬುಡಕ ಇಟ್ಟ ಕುಡುಗೋಲನ್ನೂ ತಗದು ಹಿತ್ತಲದಾಗ ಹುಗದ್ರು. ಅದನ್ನ ನೋಡಿದಾಗ ನನಗ ಖರೇ ಅಂಜಿಕಿ ಆತು. ದೆವ್ವಕ್ಕಿಂತ ಹೆಚ್ಚಿಂದು ಏನೋ ಇವರ ಕಣ್ಣಿಗೆ ಕಾಣಾಕ ಹತ್ತೇತಿ ಅನಸಿತು. ಈ ನಡುವ ಡಾಕ್ಟರಬಾಯಿ ಹೇಳಿದ್ಹಂಗ ಮಿಶ್ರಿ ಬಿಟ್ಟ ಮ್ಯಾಲ ರಕ್ತ ತಿರುಗಿ ಬಂತು. ನೋಡಿದೆಲ್ಲ, ಮುಟ್ಟಿದ್ದಕ್ಕನ ಇಷ್ಟು, ನುಂಗಿದ್ರ ಏನಾಗತಿತ್ತು ಅಂದ್ರು ಅತ್ತಿ. ಗುಳಿಗಿ ಒಂದೂ ನನ್ನ ಬಾಯಾಗ ಬೀಳಲಿಲ್ಲ. ಕೇಳಿದ್ರ, ಕೊಡತೇನಿ ತಡಿ, ಇನ್ನೂ ಹೊತ್ತು ಬಂದಿಲ್ಲ ಅಂತಿದ್ರು.

ಹೊತ್ತು ಎಂದ ಬರೂದು? ದೀಪಾವಳಿ ಪಾಡ್ಯದ ದಿನಾ ದನದ ಕೊಟ್ಟಿಗ್ಯಾಗ ಕಣ್ಣಿಗೆ ಕತ್ತಲಿ ಬಂದು ಬಿದ್ನಿ. ಹೊಟ್ಟಿ ಮ್ಯಾಲ ಬೀಳಲಿಲ್ಲ, ಮೇವ ಹಾಕೂ ಗ್ವಾದಲಿ ಹಿಡಕೊಂಡು ಕುಸದ್ನಿ, ಕೂಸಿಗೆ ಏನೂ ಆಗಿಲ್ಲ. ನಿಮಗ ಬರದಿಲ್ಲ, ಹಬ್ಬದ ದಿನಾ ಯಾಕ ಅಂತ. ಅವತ್ತಿಂದ ನಿಂತು ಕೆಲಸಾ ಮಾಡಾಕ ಹೆದರಿಕಿ. ಮುಂದಿನ ವಾರ ಮೆಹರುನಬಿ ಅಕ್ಕೋರು ಮನಿಗೇ ಬಂದು, ಗುಳಿಗಿ ತಗೊಂಡ್ಯೇನು ಅಂತ ಕೇಳಿದ್ರು. ನಾ ಬಾಯಿ ತಗಿಯೂದ್ರಾಗ ಅತ್ತಿ, ಹೂನ್ರಿ ಮುಗದಾವ ಅಂದ್ರು. ಮುಗದಾವಂತ! ನನ್ನ ಎದುರಿಗೇ! ಅಕ್ಕೋರು ಮತ್ತೊಂದ ಪಾಕೀಟು ಕೊಟ್ರು, ಅದೂ ಸೆರಗಿನ ಗಂಟಿಗೇ ಹೋತು. ಹಳ್ಳಕ್ಕ ಒಗದಾರ ಅಂತ ನನಗ ಖಾತ್ರಿ ಆತು. ಎಂದೂ ಎದುರು ಮಾತಾಡದಾಕಿ ಅವತ್ತ ಮಾತಾಡಿದ್ನಿ. ಮಗಳನ್ನಂತೂ ಕಳಕೊಂಡ್ರಿ, ಈಗ ಸೊಸೀನೂ ಕಳಸಬೇಕಂತ ಮಾಡೀರೇನು ಅಂದ್ನಿ. ಅನ್ನಬಾರದಿತ್ತು, ಅಂದ್ನಿ. ಅತ್ತಿ ಒಲಿ ಮುಂದ ಕುಂತು ಊದಿದ್ದನ್ನ ಊದಿದ್ರು, ಒಲಿ ಉರಿಯಾಕತ್ತಿದ್ರೂ ಊದತಿದ್ರು.

ಈಗ ನಾಕೆಂಟ ದಿನದಿಂದ ಅವರ ರೀತೀನ ಬ್ಯಾರೆ ಆಗೇತಿ. ಊಟಕ್ಕ ಕುಂತ್ರ ಎರಡ ತುತ್ತಿಗೆ ಏಳತಾರ. ಹೊಟ್ಟಿ ಹಿಡಕೊಂಡು ಮೂಲ್ಯಾಗ ಕುಂದರತಾರ, ಏನಾತ್ರಿ ಅಂದ್ರ ಏನಿಲ್ಲ ಅಂತಾರ. ಮುಂಜಾನೆ ಬಯಲಕಡೆ ಹೋಗಿ ಬಂದ್ರ ಮಾರಿ ಮ್ಯಾಲ ಜೀವಾನ ಇರೂದಿಲ್ಲ. ನಿನ್ನೆ ನನ್ನ ಕರದು ಬಿತ್ತೂ ಜ್ವಾಳದ ಹರವಿ ಯಾವುದು, ತಿನ್ನೂ ಜ್ವಾಳದ ಹರವಿ ಯಾವುದು, ಎಮ್ಮಿ ಯಾವಾಗ ಈಯತೈತಿ ಎಲ್ಲಾ ಹೇಳಿದ್ರು. ತಮ್ಮ ಬೋರಮಾಳ ಸರಾ ನನ್ನ ಕೊರಳಾಗ ಹಾಕಿದ್ರು. ಮಠಕ್ಕ ಹೋಗಿ ಅಜ್ಜಾರ ಪಾದಕ್ಕ ಬಿದ್ದ ಬಂದ್ರು. ಖರೇ ಹೇಳಲೇನ್ರಿ, ಆ ಸರಾ ಹಾಕಿದಾಗ ಹರಕಿ ಕುರಿಗೆ ಹಾರಾ ಹಾಕತಾರಲ್ಲ, ಹಂಗ ಅನಸಿತು. ನನ್ನ ಏನ ಮಾಡಬೇಕಂತ ಅದಾರ ಇವರು, ಅತ್ತಿ ಬುದ್ಧಿ ಸ್ಥಿಮಿತದಾಗ ಐತೋ ಇಲ್ಲೋ ಒಂದೂ ತಿಳೀವಲ್ದು. ಒಂದ ಮನ್ಯಾಗ ಇಬ್ರ ಹೆಣ್ಮಕ್ಕಳು ಒಬ್ಬರನೊಬ್ಬರು ನೋಡಿ ಅಂಜಿಕೋತ ಇರೂದಂದ್ರ ಅದೇನ ಬಾಳೇ ಹೇಳ್ರಿ.

ಅದಕ್ಕ ನಾ ನಿರ್ಧಾರ ಮಾಡೇನಿ. ನಾಳೆ ಮುಂಜಾನೆ ಅಣ್ಣಿಗೇರಿಗೆ, ನಮ್ಮವ್ವನ ಕಡೆ ಹೊಂಟೇನಿ. ಗಂಡನ ಮಾತ ಕೇಳದ ತವರಿಗೆ ಹೋದ್ಲು ಅಂತ ಮಂದಿ ಅನ್ನಲಿ. ನೀವು ಮಾತ್ರ ಸಿಟ್ಟ ಆಗಬ್ಯಾಡ್ರಿ. ಅಲ್ಲಿ ಗುಳಿಗಿ ಸಿಗತಾವ, ಕುಡಿಯಾಕ ಹೊಟ್ಟಿ ತುಂಬ ನೀರರ ಸಿಗತೈತಿ. ನೀವು ನಿಮ್ಮವ್ವಗ ನಾಕ ಮಾತ ಖಡಕ್ಕಾಗಿ ಬರೀರಿ. ನಿಮ್ಮ ಮಾತಂದ್ರ ಅವರಿಗೆ ವೇದಾ, ನನ್ನ ಮಾತಂದ್ರ ಗಾಳಿ. ಅವರ ಮ್ಯಾಲ ನನಗ ದ್ವೇಷ ಇಲ್ರಿ. ತೆಲಿ ಹಿಕ್ಕಿದ್ದು, ಬಯಕಿ ಅಂದಾಗ ಮಳ್ಯಾಗ ಹೋಗಿ ಹುಣಸಿಕಾಯಿ ತಂದದ್ದು ಎಲ್ಲಾ ನೆನಪೈತಿ. ಆದ್ರ ನಾ ಸಾಯಾಕ ತಯಾರಿಲ್ಲ. ಈ ಕೂಸಿನ ಮಾರಿ ನೋಡೂ ಆಸೆ ಐತಿ ನನಗ. ನಿಮ್ಮದೂ ಒಮ್ಮೆ ನೋಡೂ ಆಸೆ ಐತಿ, ಹೆಚ್ಚಿಗಿ ಏನ ಬರೀಲಿ.

ಮೈ ಕಡೆ ಲಕ್ಷ್ಯ ಇಡ್ರಿ. ಬಿಸಿಲಾಗ ಕೆಲಸಾ ಮಾಡಿ ತಣ್ಣೀರ ಕುಡೀಬ್ಯಾಡ್ರಿ. ಸಂಗಾಟಿರೂ ದಾವೂದಸಾಬ ಅಣ್ಣಾರಿಗೆ ನನ್ನ ನಮಸ್ಕಾರ ಹೇಳ್ರಿ, ನಿಮ್ಮ ಮೂಗಿಗೆ ಅರಿವಿ ಕಟ್ಟೂ ಜವಾಬ್ದಾರಿ ಅವರದಂತ ಹೇಳ್ರಿ. ಶಿವಾ ನಿಮ್ಮನ್ನ ಚೊಲೊ 
ಇಟ್ಟಿರಲಿ.

ನಿಮ್ಮ ಹಾದಿ ನೋಡುವ
ಗೌರಕ್ಕ

ತಾ.ಕ.: ಐತವಾರ ಮುಂಜಾನೆ. ನಾ ಅಣ್ಣಿಗೇರಿಗೆ ಹೋಗಿಲ್ರಿ. ಮ್ಯಾಲ ಬರದದ್ದೆಲ್ಲಾ ಹರದ ಒಗದು ಹೊಸಾದ್ದು ಬರಿಯಾಕ ಹೊತ್ತಿಲ್ಲ, ಬಸ್ಸಿಗೆ ಹೋಗೂವರ ಕೈಯಾಗ ಕೊಡಬೇಕು, ಅದಕ್ಕ ಹಂಗ ಕಳಸತೇನಿ. ಅರಿವಿ ಗಂಟ ಕಟ್ಟೂ ಮುಂದ ಅತ್ತಿ ಬಂದು ಹೊಸ್ತಿಲದಾಗ ಕುಂತ್ರು. 'ಹೋಗಬ್ಯಾಡನ್ನೂದಿಲ್ಲ ಗೌರಾ, ನಾಕ ದಿನಾ ತಡಿ. ನನ್ನ ಮಣ್ಣ ಮಾಡಿ ಹೋಗು' ಅಂದ್ರು. ಗುಳಿಗಿ ಹಳ್ಳಕ್ಕ ಒಗದಿಲ್ರಿ. ತಾವ ತಿಂದಾರ. ನಿನ್ನ ಬಾಯಾಗ ಇಡೂಕಿಂತ ಮೊದಲ ನಾ ತಿಂದ ನೋಡತೇನಿ, ನನಗ ಏನೂ ಆಗದಿದ್ರ ನಿನಗ ಕೊಡತೇನಿ ಅಂತ ದಿನಾ ಒಂದ ನುಂಗ್ಯಾರ. ಮೊದಲಿಂದನ ಬಯಲಕಡೆ ಹೋದ್ರ ಕರ್ರಗ ಹೋಗಾಕ ಹತ್ತೇತಿ, ಈಗ ಹೊಟ್ಟೀನೂ ಹಿಡದೇತಿ. ಜಂಗು ಒಳಗ ಕರುಳಿಗೇ ಹಿಡೀತು, ಇನ್ನ ನಾ ಉಳಿಯೂದಿಲ್ಲ ಅಂತ ತಿಳಕೊಂಡು, ಯಾರಿಗೂ ಹೇಳದ, ಒಬ್ಬಾಕೀನ ಸಾವಿನ ದಾರಿ ನೋಡಕೋತ ಕುಂತಾರ. ನನಗ ಅವತ್ತ ಅಂದ ಮಾತು ನೆನಪಾಗಿ ಅವರ ಕಾಲ ಹಿಡಕೊಂಡ ಅತ್ನಿ. ನಾ ಅಳೂದ ನೋಡಿ, ತಾವು ಸಾಯೂದ ಖರೇ ಅಂತ ಅವರಿಗೆ ಇನ್ನಷ್ಟ ಖಾತ್ರಿ ಆತು.

ಓಡಿ ಹೋಗಿ ಮೆಹರುನಬಿ ಅಕ್ಕೋರನ್ನ ಕರಕೊಂಡ ಬಂದ್ನಿ. ಆ ಗುಳಿಗಿ ತಗೊಂಡ್ರ ಎಲ್ಲಾರಿಗೂ ಕರ್ರಗನ ಹೋಗೂದು, ಹೊಟ್ಟಿ ಹಿಡಿಯೂದೂ ಇದ್ದದ್ದ ಅಂತ ಅವರು ಮೊದಲ ಬಿದ್ದ ಬಿದ್ದ ನಕ್ರು. ಆಮ್ಯಾಲ ನನ್ನ ರೆಪ್ಪಿ ಜಗ್ಗಿ ನೋಡಿದ್ರು, ನಗೂದು ಅಲ್ಲಿಗೇ ನಿಂತ್ತು. ಇನ್ನ ಬರೇ ಗುಳಿಗಿಯಿಂದ ಆಗೂದಿಲ್ಲ, ಲಗೂನ ಹುಬ್ಬಳ್ಳಿ ದೊಡ್ಡ ದವಾಖಾನಿಗೆ ಕರಕೊಂಡ ಹೋಗಬೇಕು, ರಕ್ತ ಹಾಕಬೇಕಾಗಬಹುದು, ಕೊಡಾಕ ಮನೀಯವರು ಬೇಕು ಅಂದ್ರು. ಅತ್ತಿ ತಟ್ಟನ ತಮ್ಮ ಕೈ ಮುಂದ ಮಾಡಿದ್ರು. ನಿನಗ ಇಲ್ಲ ಬೇ, ನೀ ಎಲ್ಲಿಂದ ಕೊಡತಿ ಅಂದ್ರು ಅಕ್ಕೋರು. ಅದಕ್ಕ ನೀವು ಈ ಪತ್ರಾ ಕೈಗೆ ಸಿಕ್ಕ ಕೂಡಲೇ ಹೊಂಡ್ರಿ. ಉತ್ತರಾ ಬರೀಬ್ಯಾಡ್ರಿ, ಬರ್ರಿ.

ಅಕ್ಕೋರು ಸಮಾಧಾನಕ್ಕ ಹಂಗ ಹೇಳ್ಯಾರ, ತಮ್ಮ ಕಥಿ ಮುಗದೈತಿ ಅಂತನ ಅತ್ತಿ ಇನ್ನೂ ತಿಳಕೊಂಡಾರ. ಆದ್ರೂ ಈಗ ತಾವ ಸೆರಗಿನ ಗಂಟ ಬಿಚ್ಚಿ, ಉಳದಿದ್ದ ಗುಳಿಗಿ ಒಂದ ನನ್ನ ಅಂಗೈ ಮ್ಯಾಲ ಇಟ್ರು, ಒಂದ ತಮ್ಮ ಅಂಗೈ ಮ್ಯಾಲ ಇಟಗೊಂಡ್ರು. 'ನೀ ಒಬ್ಬಾಕಿ ಬ್ಯಾಡ. ಇಬ್ರೂ ನುಂಗೂಣು. ಹೋದ್ರ ಕೂಡೇ ಹೋಗೂಣು' ಅಂದ್ರು. ತುಂಬಿದ ತಂಬಗಿ ನೀರ ಕೊಟ್ರು. ಇಬ್ರೂ ನುಂಗೀವಿ. ನನ್ನ ಎಡಗೈ ಅವರ ಕೈಯಾಗ ಐತಿ, ಬಿಡವಲ್ರು, ಬಲಗೈಲೆ ಇಷ್ಟ ಬರದೇನಿ.